ಟ್ರೇಯಲ್ಲೇ ವ್ಯಾಮ್ ಹಿಡಿಸಿ ಕೊಡಿ: ಸಸಿ ನರ್ಸರಿಯವರಿಗೆ ಒಂದು ಬಹಿರಂಗ ಪತ್ರ

ಕೋಲಾರ, ಚಿಕ್ಕಬಳ್ಳಾಪುರದಿಂದ ಹಾವೇರಿ, ಬೆಳಗಾವಿಯವರೆಗೆ ನೆರಳುಪರದೆಯ ಕೆಳಗೆ ತರಕಾರಿ ಸಸಿ ಬೆಳೆಸಿ ಕೊಡುತ್ತಿರುವ ನರ್ಸರಿ ಮಾಲೀಕರಿಗೆ, ಅಲ್ಲಿ ಟ್ರೇ ತುಂಬಿ ಬೀಜ ಊರುವ ಅಕ್ಕತಂಗಿಯರಿಗೆ, ಅಂಗಾಂಶ ಬಾಳೆ ಗಿಡಗಳನ್ನು ಹದಗೊಳಿಸಿ ಕಳಿಸುವವರಿಗೆ,



ನಿಮ್ಮಿಂದ ಸಸಿ ಕೊಂಡು ಟೊಮೆಟೊ, ಮೆಣಸಿನಕಾಯಿ ಬೆಳೆಯುವವರಲ್ಲಿ ನಾನೂ ಒಬ್ಬ. ಎಲೆ ಹಸಿರಾಗಿದೆಯೇ, ಕಾಂಡ ಗಟ್ಟಿಯಾಗಿದೆಯೇ ಎಂದು ನೋಡಿ ಸಸಿ ಆರಿಸುವುದು ನಮ್ಮೆಲ್ಲರ ರೂಢಿ. ಸ್ವಲ್ಪ ಹೆಚ್ಚು ತಿಳಿದವರು ಟ್ರೇಯಿಂದ ಒಂದು ಸಸಿ ಎತ್ತಿ, ಉಂಡೆ ಒಡೆಯದೆ ಬಂತೇ, ಬಿಳಿ ಬೇರು ಸುತ್ತಲೂ ಹಬ್ಬಿದೆಯೇ ಎಂದು ನೋಡುತ್ತಾರೆ. ಅಲ್ಲಿಗೆ ನಮ್ಮ ಪರೀಕ್ಷೆ ಮುಗಿಯುತ್ತದೆ. ಆ ಬಿಳಿ ಬೇರಿನ ಒಳಗೆ ಇರಬೇಕಾದ ಒಂದು ಜೀವ ಇದೆಯೋ ಇಲ್ಲವೋ ಎಂದು ನಾವು ಕೇಳಿಲ್ಲ, ನೀವೂ ಹೇಳಿಲ್ಲ. ಆ ಜೀವದ ವಿಷಯವಾಗಿ ಈ ಪತ್ರ.

ರೈತರು ವ್ಯಾಮ್ ಎಂದು ಕರೆಯುವ, ವಿಜ್ಞಾನಿಗಳು ಮೈಕೊರೈಜಾ ಎನ್ನುವ ಬೇರು ಶಿಲೀಂಧ್ರವನ್ನು ಸಸಿ ನಿಮ್ಮ ಟ್ರೇಯಲ್ಲಿರುವಾಗಲೇ ಹಿಡಿಸಿ ಕೊಡಿ. ನನ್ನ ಕೋರಿಕೆ ಇಷ್ಟೇ. ಹೊಲಕ್ಕೆ ಬಂದ ಮೇಲೆ ನಾವು ಚೀಲಗಟ್ಟಲೆ ಸುರಿದರೂ ಆಗದ ಕೆಲಸ ನಿಮ್ಮಲ್ಲಿ ಕೆಲವೇ ಕಿಲೋಗಳಲ್ಲಿ ಆಗುತ್ತದೆ. ಅದು ಹೇಗೆ, ಯಾವ ಬೆಳೆಗೆ ಬೇಕು, ಯಾವುದಕ್ಕೆ ಬೇಡ, ಕೊಳ್ಳುವಾಗ ಏನು ನೋಡಬೇಕು ಎಂಬುದನ್ನು ಒಂದೊಂದಾಗಿ ಬರೆಯುತ್ತೇನೆ.

ಹಿಂದೆ ಸಸಿ ಏಳುತ್ತಿದ್ದುದು ಮಣ್ಣಿನ ಏರುಮಡಿಯಲ್ಲಿ. ಕೊಟ್ಟಿಗೆ ಗೊಬ್ಬರ ಬೆರೆಸಿದ ಆ ಮಣ್ಣಿನಲ್ಲಿ ಹಿಂದಿನ ಬೆಳೆಯ, ಹುಲ್ಲಿನ, ಕಳೆಯ ಬೇರಿನ ಚೂರುಗಳಿರುತ್ತಿದ್ದವು. ಅವುಗಳ ಜೊತೆ ಈ ಶಿಲೀಂಧ್ರದ ಎಳೆಗಳೂ ಬೀಜಾಣುಗಳೂ ಇರುತ್ತಿದ್ದವು. ಯಾರೂ ತಂದು ಹಾಕದಿದ್ದರೂ ಸಸಿಯ ಬೇರಿಗೆ ಅದು ತಾನಾಗಿ ಹತ್ತುತ್ತಿತ್ತು. ಆದರೆ ಅದೇ ಮಡಿಯಲ್ಲಿ ಸಸಿ ಕೊಳೆರೋಗವೂ ಇತ್ತು, ಬೇರುಗಂಟು ಮಾಡುವ ಜಂತುಹುಳುವೂ ಇತ್ತು, ದುಂಡಾಣು ಸೊರಗು ರೋಗವೂ ಇತ್ತು. ಅವುಗಳಿಂದ ತಪ್ಪಿಸಿಕೊಳ್ಳಲು ನೀವು ಪ್ರೋಟ್ರೇಗೆ, ಕೋಕೋಪೀಟ್‌ಗೆ ಬಂದಿರಿ. ಅದು ಸರಿಯಾದ ನಿರ್ಧಾರ. ಇಂದು ನೂರು ಬೀಜಕ್ಕೆ ಇಷ್ಟೊಂದು ಸಸಿ ಕೈಗೆ ಸಿಗುವುದು, ನಾಟಿ ಮಾಡಿದ ಮೇಲೆ ಬಾಡದೆ ನಿಲ್ಲುವುದು ನಿಮ್ಮ ಶ್ರಮದ ಫಲ. ಮತ್ತೆ ಮಣ್ಣಿನ ಮಡಿಗೆ ಹೋಗಿ ಎಂದು ನಾನು ಹೇಳುತ್ತಿಲ್ಲ.

ಆದರೆ ರೋಗಾಣು ಇಲ್ಲದ ಕೋಕೋಪೀಟ್‌ನಲ್ಲಿ ಈ ಶಿಲೀಂಧ್ರವೂ ಇಲ್ಲ. ಅದರ ಬೀಜಾಣು ಹುಟ್ಟುವುದು ಮಣ್ಣಿನೊಳಗೆ, ಬೇರಿನ ಪಕ್ಕದಲ್ಲಿ. ಗಾಳಿಯಲ್ಲಿ ಹಾರಿಬಂದು ಎತ್ತರದ ಬೆಂಚಿನ ಮೇಲಿರುವ ಟ್ರೇಗೆ ಬೀಳುವುದು ಅಪರೂಪ. ಕಾಯಿಸಿದ ಹಾಲು ಎಷ್ಟೇ ಚೊಕ್ಕಟವಾಗಿದ್ದರೂ ಹೆಪ್ಪು ಹಾಕದೆ ಮೊಸರಾಗದು. ಟ್ರೇಯಲ್ಲಿ ಹೆಪ್ಪು ಹಾಕುವ ಕೆಲಸ ಒಂದು ಉಳಿದುಹೋಗಿದೆ.

ಇದು ಬರಿಯ ಊಹೆಯಲ್ಲ. ಅಮೆರಿಕದ ಕಿತ್ತಳೆ ಜಾತಿಯ ನರ್ಸರಿಗಳಲ್ಲಿ ಇದೇ ಆಗಿತ್ತು. ಅಲ್ಲಿ ಮಡಿಯ ಮಣ್ಣಿಗೆ ವಿಷಾನಿಲ ಹಾಯಿಸಿ ರೋಗ, ಜಂತುಗಳನ್ನು ಕೊಂದು ಸಸಿ ಎಬ್ಬಿಸುತ್ತಿದ್ದರು. ಮಣ್ಣು ಶುದ್ಧವಾಯಿತು, ಸಸಿ ಮಾತ್ರ ಕುಳ್ಳಾಗಿ ನಿಂತುಬಿಟ್ಟಿತು. ಅನಿಲದ ವಿಷ ಮಣ್ಣಿನಲ್ಲಿ ಉಳಿದಿರಬೇಕು ಎಂದೇ ಜನ ಬಹುಕಾಲ ತಿಳಿದಿದ್ದರು. 1972ರಲ್ಲಿ ಕ್ಲೈನ್‌ಸ್ಮಿಟ್ ಮತ್ತು ಗರ್ಡಮನ್ ಎಂಬ ವಿಜ್ಞಾನಿಗಳು ಕಾರಣ ಬೇರೆ ಎಂದು ತೋರಿಸಿಕೊಟ್ಟರು. ಅನಿಲ ರೋಗಾಣುಗಳ ಜೊತೆ ಬೇರು ಶಿಲೀಂಧ್ರವನ್ನೂ ಕೊಂದಿತ್ತು. ಅದು ಇಲ್ಲದ ಸಸಿಗೆ ಮಣ್ಣಿನ ರಂಜಕ ಸಿಗುತ್ತಿರಲಿಲ್ಲ. ಶಿಲೀಂಧ್ರವನ್ನು ಮರಳಿ ಕೊಟ್ಟಾಗ ಸಸಿಗಳು ಚೇತರಿಸಿಕೊಂಡವು.

ನಮ್ಮ ಟ್ರೇಯ ಸಸಿಗಳು ಹಾಗೆ ಕುಳ್ಳಾಗುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಆಗುವುದಿಲ್ಲ, ಏಕೆಂದರೆ ನೀವು ವಾರವಾರ ನೀರಿನಲ್ಲಿ ಕರಗಿದ ರಂಜಕವನ್ನು ಬೇರಿನ ಬಾಯಿಗೇ ಕೊಡುತ್ತೀರಿ. ಕೊರತೆ ಟ್ರೇಯಲ್ಲಿ ಕಾಣುವುದಿಲ್ಲ, ನಮ್ಮ ಹೊಲದಲ್ಲಿ ಕಾಣುತ್ತದೆ. ನಾಟಿಯಾದ ಮೇಲೆ ಮೊದಲ ಕೆಲವು ವಾರ ಸಸಿ ತನ್ನ ಬೇರನ್ನಷ್ಟೇ ನಂಬಿ ಮಣ್ಣಿನಲ್ಲಿ ತಡಕಾಡುತ್ತದೆ. ನಾವು ಅದಕ್ಕೆ ಡಿಎಪಿ ಸುರಿದು ಸಮಾಧಾನಪಟ್ಟುಕೊಳ್ಳುತ್ತೇವೆ.

ಈ ಶಿಲೀಂಧ್ರ ಮಾಡುವುದಾದರೂ ಏನು? ಸಾರಜನಕದ ನೈಟ್ರೇಟ್ ನೀರಿನ ಜೊತೆ ಹರಿದು ಬೇರಿನ ಹತ್ತಿರ ಬರುತ್ತದೆ. ರಂಜಕ ಬರುವುದಿಲ್ಲ. ಅದು ಮಣ್ಣಿನ ಕಣಕ್ಕೆ ಕಚ್ಚಿಕೊಂಡಿರುತ್ತದೆ. ನಮ್ಮ ರಾಜ್ಯದ ದಕ್ಷಿಣದ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದಿಟ್ಟರೆ, ಉತ್ತರದ ಕಪ್ಪು ಮಣ್ಣಿನಲ್ಲಿ ಸುಣ್ಣ ಹಿಡಿದಿಡುತ್ತದೆ. ಹಾಗಾಗಿ ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರ್ ಮಣ್ಣಿನ ರಂಜಕವನ್ನು ಬೇಗನೆ ಬರಿದು ಮಾಡಿಬಿಡುತ್ತದೆ. ಆಚೆಗೆ ರಂಜಕ ಇದ್ದರೂ ಬೇರಿಗೆ ಎಟುಕುವುದಿಲ್ಲ. ಶಿಲೀಂಧ್ರದ ಎಳೆ ಆ ಬರಿದಾದ ಪಟ್ಟಿಯನ್ನು ದಾಟಿ ಹಲವು ಸೆಂಟಿಮೀಟರ್ ದೂರ ಹೋಗುತ್ತದೆ. ಮಿಲಿಮೀಟರಿನ ನೂರರಲ್ಲಿ ಒಂದು ಭಾಗಕ್ಕಿಂತ ತೆಳ್ಳಗಿರುವ ಆ ಎಳೆ ಬೇರಿನ ರೋಮವೂ ನುಗ್ಗಲಾಗದ ಸಂದಿಗೆ ನುಗ್ಗಿ ರಂಜಕ ತರುತ್ತದೆ. ಸತು, ತಾಮ್ರವನ್ನೂ ತರುತ್ತದೆ.

ತಂದದ್ದನ್ನು ಒಪ್ಪಿಸುವುದು ಬೇರಿನ ಜೀವಕೋಶದ ಒಳಗೆ. ಎಳೆ ಕೋಶವನ್ನು ಹೊಕ್ಕು ಪುಟ್ಟ ಮರದಂತೆ ಕವಲೊಡೆಯುತ್ತದೆ. ಆರ್ಬಸ್ಕ್ಯೂಲ್ ಎನ್ನುವ ಆ ಕವಲುಗಳ ಬಳಿ ಕೊಡುಕೊಳ್ಳುವಿಕೆ ನಡೆಯುತ್ತದೆ. ರಂಜಕಕ್ಕೆ ಬದಲಾಗಿ ಗಿಡ ಸಕ್ಕರೆ ಕೊಡುತ್ತದೆ, ಕೊಬ್ಬಿನ ಅಂಶವನ್ನೂ ಕೊಡುತ್ತದೆ. ಶಿಲೀಂಧ್ರ ತನಗೆ ಬೇಕಾದ ಕೊಬ್ಬಿನಾಮ್ಲವನ್ನು ತಾನೇ ತಯಾರಿಸಲಾರದೆ ಗಿಡದಿಂದಲೇ ಪಡೆಯುತ್ತದೆ ಎಂಬುದು 2017ರಲ್ಲಿ ಖಚಿತವಾಯಿತು. ಎಲೆ ಬಿಸಿಲಿನಲ್ಲಿ ತಯಾರಿಸಿದ ಆಹಾರದಲ್ಲಿ ಶೇಕಡಾ 20ರಷ್ಟರವರೆಗೂ ಈ ಜೊತೆಗಾರನ ಪಾಲಾಗಬಹುದು. ಗಿಡ ಇಷ್ಟು ದೊಡ್ಡ ಕೂಲಿ ಕೊಡುತ್ತಿದೆ ಎಂದರೆ ಆ ಕೆಲಸದ ಬೆಲೆ ಎಷ್ಟಿರಬೇಕು!

ಈ ಒಡನಾಟ ನಿನ್ನೆ ಮೊನ್ನೆಯದಲ್ಲ. ಜರ್ಮನಿಯ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ 1885ರಲ್ಲಿ ಇದಕ್ಕೆ ಮೈಕೊರೈಜಾ ಎಂದು ಹೆಸರಿಟ್ಟರು. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಕಲ್ಲಾಗಿ ಉಳಿದ ಸುಮಾರು 40 ಕೋಟಿ ವರ್ಷ ಹಿಂದಿನ ಸಸ್ಯಗಳ ಕೋಶದೊಳಗೂ ಅದೇ ಕವಲುಗಳು ಕಂಡಿವೆ. ಆ ಸಸ್ಯಗಳಿಗೆ ನಿಜವಾದ ಬೇರೇ ಇರಲಿಲ್ಲ. ಗಿಡಗಳು ನೆಲದ ಮೇಲೆ ಬೇರೂರಿದ್ದೇ ಈ ಶಿಲೀಂಧ್ರದ ನೆರವಿನಿಂದ ಎಂದು ವಿಜ್ಞಾನಿಗಳು ಹೇಳುವುದು ಅದಕ್ಕಾಗಿ.

ನಿಮ್ಮ ಕೆಲಸಕ್ಕೆ ನೇರವಾಗಿ ಸಂಬಂಧಿಸಿದ ಇನ್ನೊಂದು ಸಂಗತಿ ಇದೆ. ರಂಜಕದ ಹಸಿವಾದಾಗ ಬೇರು ಸ್ಟ್ರೈಗೋಲ್ಯಾಕ್ಟೋನ್ ಎಂಬ ರಾಸಾಯನಿಕವನ್ನು ಹೊರಬಿಟ್ಟು ಶಿಲೀಂಧ್ರವನ್ನು ಕರೆಯುತ್ತದೆ. 2005ರಲ್ಲಿ ಜಪಾನಿನ ಅಕಿಯಾಮಾ ಮತ್ತು ಸಂಗಡಿಗರು ಇದನ್ನು ಕಂಡುಹಿಡಿದರು. ಜೋಳ, ಕಬ್ಬಿನ ಬೇರಿಗೆ ಅಂಟಿ ಬದುಕುವ ಸ್ಟ್ರೈಗಾ ಕಳೆಯ ಬೀಜ ಮೊಳೆಯುವುದೂ ಇದೇ ಕರೆಯನ್ನು ಕದ್ದು ಕೇಳಿ. ಹೊಟ್ಟೆ ತುಂಬಿದ ಬೇರು ಕರೆಯುವುದಿಲ್ಲ. ರಂಜಕ ಧಾರಾಳವಾಗಿ ಸಿಗುತ್ತಿದ್ದರೆ ಗಿಡ ಶಿಲೀಂಧ್ರಕ್ಕೆ ಬಾಗಿಲು ಮುಚ್ಚುತ್ತದೆ. ಒಂದು ಕಡೆ ವ್ಯಾಮ್ ಹಾಕಿ ಇನ್ನೊಂದು ಕಡೆ ವಾರಕ್ಕೊಮ್ಮೆ ರಂಜಕವಿರುವ 19 ಆಲ್ ಗೊಬ್ಬರ ಡ್ರೆಂಚ್ ಮಾಡಿದರೆ, ವ್ಯಾಮ್‌ಗೆ ಕೊಟ್ಟ ದುಡ್ಡು ನೀರಿನಲ್ಲಿ ಹೋಮವಾದಂತೆ.

ಇದೆಲ್ಲ ಹೊರದೇಶದ ಮಾತಾಯಿತು ಎನ್ನಬೇಡಿ. ಈ ವಿದ್ಯೆಗೆ ನಮ್ಮ ಬೆಂಗಳೂರೇ ಒಂದು ತವರು. ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಭಾಗ್ಯರಾಜ್ ಅವರು ದಶಕಗಳ ಕಾಲ ಈ ಶಿಲೀಂಧ್ರಗಳ ಮೇಲೆ ಕೆಲಸ ಮಾಡಿದರು, ಹಲವಾರು ವಿದ್ಯಾರ್ಥಿಗಳನ್ನು ತಯಾರು ಮಾಡಿದರು. 1982ರಲ್ಲಿ ಅವರೂ ಕೆ.ಆರ್. ಶ್ರೀರಾಮುಲು ಅವರೂ ‘ಪ್ಲಾಂಟ್ ಅಂಡ್ ಸಾಯಿಲ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ನಿಮಗಾಗಿಯೇ ಮಾಡಿದಂತಿದೆ. ಬೆಳೆ ಮೆಣಸಿನಕಾಯಿ. ಸಸಿ ಹಂತದಲ್ಲೇ ವ್ಯಾಮ್ ಹಿಡಿಸಿ, ಆಮೇಲೆ ಹೊಲಕ್ಕೆ ನಾಟಿ ಮಾಡಿದರು. ಗಿಡದ ಬೆಳವಣಿಗೆ ಹೆಚ್ಚಿತು, ಇಳುವರಿ ಹೆಚ್ಚಿತು, ರಂಜಕದ ಗೊಬ್ಬರದಲ್ಲಿ ಉಳಿತಾಯವೂ ಆಯಿತು. ಬ್ಯಾಡಗಿ ಮೆಣಸಿನಕಾಯಿಯ ನಾಡಿನಲ್ಲಿ ನಾಲ್ಕು ದಶಕ ದಾಟಿದರೂ ಈ ಫಲಿತಾಂಶ ಎಲ್ಲ ನರ್ಸರಿಗಳ ದಿನನಿತ್ಯದ ಕೆಲಸವಾಗಿಲ್ಲ ಎಂಬುದು ನನ್ನನ್ನು ಕಾಡುತ್ತದೆ.

ನರ್ಸರಿಯಲ್ಲೇ ಏಕೆ, ಹೊಲದಲ್ಲಿ ಏಕಾಗದು ಎಂಬುದಕ್ಕೆ ಒಂದು ಲೆಕ್ಕ ಹಾಕೋಣ. ಸಾಲಿನಿಂದ ಸಾಲಿಗೆ 90, ಗಿಡದಿಂದ ಗಿಡಕ್ಕೆ 60 ಸೆಂಟಿಮೀಟರ್ ಬಿಟ್ಟು ಟೊಮೆಟೊ ಹಾಕಿದರೆ ಎಕರೆಗೆ ಸುಮಾರು 7,500 ಸಸಿ ಬೇಕು. 98 ಕುಳಿಯ ಟ್ರೇಯಲ್ಲಿ ಅದು 77 ಟ್ರೇ. ಅವನ್ನು ತುಂಬಲು ಬೇಕಾಗುವ ಕೋಕೋಪೀಟ್ ಹೆಚ್ಚುಕಡಿಮೆ ಒಂದು ಕ್ವಿಂಟಾಲ್. ಅದೇ ಒಂದು ಎಕರೆಯಲ್ಲಿ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 9 ಲಕ್ಷ ಕಿಲೋ. ಒಂದು ಕ್ವಿಂಟಾಲಿಗೆ ಬೆರೆಸುವುದೂ 9 ಲಕ್ಷ ಕಿಲೋಗೆ ಬೆರೆಸುವುದೂ ಒಂದೇ ಆದೀತೇ? ಹೊಲದಲ್ಲಿ ಎರಚಿದ ವ್ಯಾಮ್ ಪುಡಿಯ ಬಹುಪಾಲು ಬೇರನ್ನು ಮುಟ್ಟುವುದೇ ಇಲ್ಲ. ಈ ಶಿಲೀಂಧ್ರ ಜೀವಂತ ಬೇರಿಲ್ಲದೆ ಬೆಳೆಯಲಾರದು. ಸಗಣಿಯಲ್ಲಿ ಕಲಸಿಟ್ಟರೆ, ಬೆಲ್ಲದ ನೀರಿನಲ್ಲಿ ನೆನೆಸಿಟ್ಟರೆ ಹೆಚ್ಚುವುದಿಲ್ಲ. ಬೇರು ಸಿಗದ ಬೀಜಾಣು ಸೋತು ಸಾಯುತ್ತದೆ. ಟ್ರೇಯ ಕುಳಿಯಲ್ಲಾದರೋ ಬೇರು ಎತ್ತ ತಿರುಗಿದರೂ ಅದಕ್ಕೆ ಎದುರಾಗುತ್ತದೆ.

ಇನ್ನು ಮಾಡುವ ಬಗೆ. ಕೋಕೋಪೀಟ್ ಹದ ಮಾಡುವಾಗಲೇ ವ್ಯಾಮ್ ಬೆರೆಸಿ, ಇಲ್ಲವೇ ಕುಳಿಯಲ್ಲಿ ಬೀಜದ ಕೆಳಗೆ ಬೀಳುವಂತೆ ಹಾಕಿ. ಮೊದಲ ಬೇರು ಇಳಿಯುವಾಗಲೇ ಅದನ್ನು ತಾಗಬೇಕು. ಮೇಲೆ ಚಿಮುಕಿಸಿದರೆ ಅರ್ಧ ಕೆಲಸವೂ ಆಗದು. ಪ್ರಮಾಣವನ್ನು ಪ್ಯಾಕೆಟ್ಟಿನಲ್ಲಿರುವ ಬೀಜಾಣು ಸಂಖ್ಯೆ ನೋಡಿ ಕೃಷಿ ವಿಶ್ವವಿದ್ಯಾಲಯದ ಅಥವಾ ಕೃಷಿ ವಿಜ್ಞಾನ ಕೇಂದ್ರದ ತಜ್ಞರ ಜೊತೆ ನಿಗದಿ ಮಾಡಿಕೊಳ್ಳಿ. ಶಿಲೀಂಧ್ರ ಬೇರಿನಲ್ಲಿ ಚೆನ್ನಾಗಿ ನೆಲೆಯೂರಲು ಮೂರು ನಾಲ್ಕು ವಾರ ಬೇಕು. ಮೆಣಸಿನ ಸಸಿ ಟ್ರೇಯಲ್ಲಿ ಇರುವುದೇ ಐದಾರು ವಾರ, ಟೊಮೆಟೊ ಸಸಿ ಇರುವುದು ಸುಮಾರು ನಾಲ್ಕು ವಾರ. ತಡವಾಗಿ ಹಾಕಲು ಅವಕಾಶವಿಲ್ಲ.

ರಂಜಕವನ್ನು ಪೂರ್ತಿ ನಿಲ್ಲಿಸಿ ಎನ್ನುತ್ತಿಲ್ಲ. ಸಸಿಗೆ ಬೇಕಾದಷ್ಟು ಕೊಡಿ. ಉಳಿದ ಪೋಷಣೆಯನ್ನು ರಂಜಕವಿಲ್ಲದ ಕ್ಯಾಲ್ಸಿಯಂ ನೈಟ್ರೇಟ್, 13:0:45ರಂಥ ಗೊಬ್ಬರದಿಂದ ಮಾಡಬಹುದು. ಸಸಿ ಅಷ್ಟು ಸೊಕ್ಕಿ ಬೆಳೆದಂತೆ ಕಾಣದಿರಬಹುದು. ಅಂಥ ಸಸಿಯನ್ನು ತಿರಸ್ಕರಿಸದಂತೆ ರೈತರಿಗೆ ತಿಳಿಹೇಳುವುದು ನನ್ನಂಥವರ ಕೆಲಸ.

ಕಾರ್ಬೆಂಡಾಜಿಮ್ ಶಿಲೀಂಧ್ರನಾಶಕದ ಡ್ರೆಂಚ್ ವಿಷಯದಲ್ಲಿ ಎಚ್ಚರಿಕೆ ಬೇಕು. ಹೊಲದ ಪ್ರಯೋಗಗಳಲ್ಲಿ ಈ ಶಿಲೀಂಧ್ರವನ್ನು ಅಡಗಿಸಬೇಕಾದಾಗ ಸಂಶೋಧಕರು ಬಳಸುತ್ತಿದ್ದ ಔಷಧ ಬೆನೊಮಿಲ್. ಮಣ್ಣಿನಲ್ಲಿ ಅದು ಒಡೆದು ಆಗುವುದು ಇದೇ ಕಾರ್ಬೆಂಡಾಜಿಮ್. ಸಸಿ ಕೊಳೆಗೆ ಟ್ರೈಕೋಡರ್ಮಾ ಬಳಸುವವರು ಅದನ್ನು ಮುಂದುವರಿಸಿ. ಆದರೆ ಟ್ರೈಕೋಡರ್ಮಾ ಹಾಕಿದ್ದೇವೆ, ವ್ಯಾಮ್ ಏಕೆ ಎಂದು ಕೇಳಬೇಡಿ. ಅದು ರೋಗದ ಶಿಲೀಂಧ್ರಗಳ ಜೊತೆ ಸೆಣಸುವ ಬೇರೆಯೇ ಜೀವಿ, ಬೇರಿನ ಕೋಶ ಹೊಕ್ಕು ರಂಜಕ ತಂದುಕೊಡುವುದಿಲ್ಲ. ರಂಜಕ ಕರಗಿಸುವ ಬ್ಯಾಕ್ಟೀರಿಯಾದ ಪ್ಯಾಕೆಟ್ಟೂ ಬೇರೆ. ಮೂರಕ್ಕೂ ಅವುಗಳದೇ ಕೆಲಸವಿದೆ, ಒಂದರ ಬದಲಿಗೆ ಇನ್ನೊಂದು ಆಗದು.

ಯಾವ ಬೆಳೆಗೆ ಕೊಡಬೇಕು? ಟೊಮೆಟೊ, ಮೆಣಸಿನಕಾಯಿ, ದೊಣ್ಣೆ ಮೆಣಸಿನಕಾಯಿ, ಬದನೆ, ಈರುಳ್ಳಿ, ಕಲ್ಲಂಗಡಿ, ಸೌತೆ, ಚೆಂಡುಹೂ, ಪಪ್ಪಾಯಿ ಇವಕ್ಕೆಲ್ಲ ಕೊಡಬಹುದು. ಬೇರು ಕಡಿಮೆ, ಬೇರಿನ ರೋಮ ಇನ್ನೂ ಕಡಿಮೆ ಇರುವ ಈರುಳ್ಳಿಯಂಥ ಬೆಳೆಗೆ ಇದರ ನೆರವು ಹೆಚ್ಚು. ಅಂಗಾಂಶ ಬಾಳೆ ಹದಗೊಳಿಸುವವರಿಗೆ ವಿಶೇಷವಾಗಿ ಹೇಳುತ್ತೇನೆ. ಗಾಜಿನ ಸೀಸೆಯಿಂದ ಹೊರಬಂದ ಆ ಗಿಡಕ್ಕೆ ಯಾವ ಜೀವಾಣುವಿನ ಪರಿಚಯವೂ ಇರುವುದಿಲ್ಲ. ಅದರ ಬೇರಿಗೆ ಸಿಗುವ ಮೊದಲ ಜೊತೆಗಾರ ಯಾರು ಎಂಬುದು ಪೂರ್ತಿ ನಿಮ್ಮ ಕೈಯಲ್ಲಿದೆ.

ಯಾವುದಕ್ಕೆ ಬೇಡ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ, ಮೂಲಂಗಿ, ಸಾಸಿವೆಯ ಕುಲ ಈ ಶಿಲೀಂಧ್ರವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬೀಟ್‌ರೂಟ್, ಪಾಲಕ್ ಕೂಡ ಹಾಗೆಯೇ. ಎಲೆಕೋಸಿನ ಸಸಿಗೆ ವ್ಯಾಮ್ ಹಾಕಿದ್ದೇವೆಂದು ಯಾರಾದರೂ ಹೆಚ್ಚು ಬೆಲೆ ಕೇಳಿದರೆ ಅದು ರೈತನಿಗೆ ಮಾಡುವ ಅನ್ಯಾಯ. ನೀವು ಹಾಗೆ ಮಾಡಬೇಡಿ, ಪಕ್ಕದವರು ಮಾಡಿದರೆ ತಡೆಯಿರಿ.

ಒಗ್ಗುವ ಬೆಳೆಯಲ್ಲೂ ಎಲ್ಲ ಹೊಲದಲ್ಲಿ ಒಂದೇ ಫಲ ಸಿಗುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ 54 ಮೆಕ್ಕೆಜೋಳದ ಹೊಲಗಳಲ್ಲಿ ಮಾಡಿದ ಪ್ರಯೋಗದ ವರದಿ 2023ರಲ್ಲಿ ಬಂತು. ಕೆಲವು ಹೊಲಗಳಲ್ಲಿ ಬೆಳವಣಿಗೆ ಶೇಕಡಾ 40ರವರೆಗೆ ಹೆಚ್ಚಿತ್ತು, ಕೆಲವೆಡೆ ಏನೂ ಆಗಿರಲಿಲ್ಲ, ಶೇಕಡಾ 12ರಷ್ಟು ಕುಗ್ಗಿದ್ದೂ ಇತ್ತು. ಮಣ್ಣಿನಲ್ಲಿ ರೋಗಕಾರಕ ಶಿಲೀಂಧ್ರಗಳು ಹೆಚ್ಚಿದ್ದ ಹೊಲಗಳಲ್ಲೇ ಲಾಭ ಹೆಚ್ಚಾಗಿತ್ತು. ನಮಗೆ ಇದರಲ್ಲಿ ಎರಡು ಪಾಠಗಳಿವೆ. ವರ್ಷವರ್ಷ ಟೊಮೆಟೊ ಮೇಲೆ ಟೊಮೆಟೊ ಹಾಕಿ ದಣಿದ ಹೊಲದಲ್ಲಿ ಇದರ ಅಗತ್ಯ ಹೆಚ್ಚಿರಬಹುದು. ಮತ್ತು ಯಾವ ನರ್ಸರಿಯೂ ‘ಇಳುವರಿ ಇಷ್ಟು ಪಟ್ಟು ಗ್ಯಾರಂಟಿ’ ಎಂದು ಬೋರ್ಡ್ ಹಾಕಬಾರದು. ನಿಜ ಹೇಳಿದರೆ ಸಾಕು, ಈ ಶಿಲೀಂಧ್ರಕ್ಕೆ ಸುಳ್ಳಿನ ಆಸರೆ ಬೇಕಿಲ್ಲ.

ಕೊಳ್ಳುವಾಗಿನ ಎಚ್ಚರ ಎಲ್ಲಕ್ಕಿಂತ ಮುಖ್ಯ. ವ್ಯಾಮ್ ಹೆಸರಿನಲ್ಲಿ ಮಾರುಕಟ್ಟೆಗೆ ಬರುವ ಪುಡಿಗಳೆಲ್ಲ ಜೀವಂತವಾಗಿರುವುದಿಲ್ಲ. ಹೊರದೇಶಗಳಲ್ಲಿ ಮಾರಾಟವಾಗುವ ಹಲವು ಉತ್ಪನ್ನಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಹುಪಾಲು ಉತ್ಪನ್ನಗಳು ಬೇರಿನಲ್ಲಿ ಶಿಲೀಂಧ್ರ ಹಿಡಿಸಲು ಸೋತವು. ನಮ್ಮಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದಡಿ ಮೈಕೊರೈಜಾ ಗೊಬ್ಬರಕ್ಕೂ ಮಾನದಂಡಗಳಿವೆ. ಪ್ಯಾಕೆಟ್ಟಿನ ಮೇಲೆ ಶಿಲೀಂಧ್ರದ ಹೆಸರು, ಗ್ರಾಂ ಒಂದಕ್ಕೆ ಎಷ್ಟು ಬೀಜಾಣು, ತಯಾರಾದ ದಿನ, ಅವಧಿ ಮುಗಿಯುವ ದಿನ ಇರಲೇಬೇಕು. ಹಿಂದೆ ಗ್ಲೋಮಸ್ ಎಂದು ಬರೆಯುತ್ತಿದ್ದ ಕೆಲವು ಜಾತಿಗಳಿಗೆ ಈಗ ರೈಜೋಫೇಗಸ್, ಫನೆಲಿಫಾರ್ಮಿಸ್ ಎಂಬ ಹೆಸರು ಬಂದಿದೆ. ಅದನ್ನು ಕಂಡು ಗಾಬರಿಯಾಗಬೇಡಿ. ಗೋದಾಮಿನ ತಗಡಿನ ಕೆಳಗೆ ಬೇಸಿಗೆ ಕಳೆದ ಚೀಲವನ್ನು ಅಗ್ಗವೆಂದು ತರಬೇಡಿ.

ಅದಕ್ಕಿಂತ ಮೇಲಾದ ದಾರಿ ನೀವೇ ಪರೀಕ್ಷಿಸುವುದು. ಬಿಸಿ ಮಾಡಿ ಆರಿಸಿದ ಮರಳನ್ನು ಎರಡು ಕುಂಡಗಳಿಗೆ ತುಂಬಿ, ಒಂದಕ್ಕೆ ಮಾತ್ರ ವ್ಯಾಮ್ ಹಾಕಿ, ಎರಡರಲ್ಲೂ ಜೋಳ ಬಿತ್ತಿ. ಐದಾರು ವಾರದ ನಂತರ ಬೇರು ತೆಗೆದು ನೋಡಿ. ನೋಡುವುದಕ್ಕೂ ಸುಲಭದ ಉಪಾಯವಿದೆ. 1998ರಲ್ಲಿ ಫಿಯರ್‌ಹೈಲಿಗ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನದಲ್ಲಿ ಬೇಕಾಗುವ ಬಣ್ಣ ಬರೆಯುವ ಶಾಯಿ. ಬೇರನ್ನು ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕುದಿಸಿ ತಿಳಿಯಾಗಿಸಿ, ತೊಳೆದು, ವಿನೆಗರ್‌ನಲ್ಲಿ ಶೇಕಡಾ 5ರಷ್ಟು ಶಾಯಿ ಬೆರೆಸಿ ಅದರಲ್ಲಿ ಮೂರು ನಿಮಿಷ ಕುದಿಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಬೇರಿನೊಳಗಿನ ಎಳೆ, ಗುಳ್ಳೆ, ಕವಲುಗಳು ಬಣ್ಣ ಹಿಡಿದು ಕಾಣುತ್ತವೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಚರ್ಮವನ್ನೂ ಕಣ್ಣನ್ನೂ ಸುಡುವ ವಸ್ತು. ಅದನ್ನು ನರ್ಸರಿಯಲ್ಲಿ ಮಾಡದೆ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ಪ್ರಯೋಗಾಲಯದಲ್ಲಿ ತಿಳಿದವರ ಕೈಯಲ್ಲಿ ಮಾಡಿಸಿ. ನಿಮ್ಮ ಊರಿನ ಬಿ.ಎಸ್ಸಿ. ಓದುವ ಮಕ್ಕಳಿಗೂ ಅದೊಂದು ಒಳ್ಳೆಯ ಪಾಠವಾಗುತ್ತದೆ. ಪುಡಿ ಕೊಳ್ಳುವ ಮುನ್ನ ಒಮ್ಮೆ, ಸಸಿ ಮಾರುವ ಮುನ್ನ ಒಮ್ಮೆ ಈ ಪರೀಕ್ಷೆ ಆದರೆ ಯಾರ ಮಾತನ್ನೂ ನಂಬಿ ಕೂರಬೇಕಿಲ್ಲ.

ದೊಡ್ಡ ನರ್ಸರಿಯವರು ಬೇಕಾದ ವ್ಯಾಮ್ ಅನ್ನು ತಾವೇ ಬೆಳೆಸಿಕೊಳ್ಳಬಹುದು. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ತಿಳಿಸುವ ವಿಧಾನ ಸರಳವಾಗಿದೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, 30 ಸೆಂಟಿಮೀಟರ್ ಆಳದ ಗುಂಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ವರ್ಮಿಕ್ಯುಲೈಟ್ ಜೊತೆ ಸ್ವಲ್ಪ ಶುದ್ಧೀಕರಿಸಿದ ಮಣ್ಣು ಬೆರೆಸಿ ತುಂಬಿ, ಮೇಲ್ಪದರದ ಸ್ವಲ್ಪ ಕೆಳಗೆ ಒಂದು ಕಿಲೋ ಮೂಲ ವ್ಯಾಮ್ ಹಾಕಿ ಮೆಕ್ಕೆಜೋಳ ಬಿತ್ತುತ್ತಾರೆ. 60 ದಿನಕ್ಕೆ ಗಿಡ ಕತ್ತರಿಸಿ, ಬೇರನ್ನು ಚೂರು ಮಾಡಿ ಅದೇ ಮಾಧ್ಯಮದಲ್ಲಿ ಬೆರೆಸಿದರೆ ಆ ಗುಂಡಿಯಷ್ಟೂ ವ್ಯಾಮ್. ಭಾಗ್ಯರಾಜ್ ಮತ್ತು ಎಂ.ಎನ್. ಶ್ರೀನಿವಾಸ ಅವರು 1988ರಲ್ಲಿ ಇದಕ್ಕೆ ರೋಡ್ಸ್ ಹುಲ್ಲು ಚೆನ್ನಾಗಿ ಒದಗುತ್ತದೆ ಎಂದು ತೋರಿಸಿದ್ದರು. ಮೆಕ್ಕೆಜೋಳವಾಗಲಿ ಹುಲ್ಲಾಗಲಿ, ಟೊಮೆಟೊ ಕುಲಕ್ಕೆ ದೂರದ ಗಿಡವೇ ಇರಲಿ. ಮೂಲ ವ್ಯಾಮ್ ನಂಬಿಕಸ್ಥ ಪ್ರಯೋಗಾಲಯದಿಂದಲೇ ಬರಲಿ. ಹೊಲದ ಮಣ್ಣು ಸೇರಿಸಿ ಬೇರುಗಂಟು ಜಂತುವನ್ನೂ ಜೊತೆಗೆ ಬೆಳೆಸಿಬಿಟ್ಟರೆ, ನೀವು ಇಷ್ಟು ವರ್ಷ ಕಾಪಾಡಿಕೊಂಡ ಶುದ್ಧತೆ ಹಾಳಾಗುತ್ತದೆ.

ಎಲ್ಲವನ್ನೂ ನಿಮ್ಮ ತಲೆಗೆ ಕಟ್ಟಿ ನಾವು ಸುಮ್ಮನಿರುವಂತಿಲ್ಲ. ನೀವು ವ್ಯಾಮ್ ಹಿಡಿಸಿದ ಸಸಿ ಕೊಟ್ಟರೆ, ನಾವು ನಾಟಿಗೆ ಮೊದಲು ಗುಣಿಗುಣಿಗೆ ಡಿಎಪಿ ಹಾಕಿ ಅದನ್ನು ಅಡಗಿಸಬಾರದು. ಮಣ್ಣು ಪರೀಕ್ಷೆ ಮಾಡಿಸಿ ರಂಜಕ ಎಷ್ಟಿದೆ ಎಂದು ನೋಡಿ ಗೊಬ್ಬರ ಕಡಿಮೆ ಮಾಡಬೇಕು. 50 ಕಿಲೋ ಡಿಎಪಿ ಚೀಲದಲ್ಲಿ ರಂಜಕದ ಅಂಶ (ಗೊಬ್ಬರದ ಲೆಕ್ಕದ P2O5 ರೂಪದಲ್ಲಿ) 23 ಕಿಲೋ. ಅದರಲ್ಲಿ ಮೊದಲ ಬೆಳೆಗೆ ದಕ್ಕುವುದು ಐದನೇ ಒಂದು ಭಾಗದಷ್ಟು, ಉಳಿದದ್ದು ಮಣ್ಣಿನಲ್ಲಿ ಬಂಧಿಯಾಗುತ್ತದೆ. ಆ ಚೀಲಕ್ಕೆ ಬೇಕಾದ ರಂಜಕದ ಕಲ್ಲಿಗಾಗಿ ದೇಶ ಹೊರನಾಡಿನ ಮುಖ ನೋಡುತ್ತದೆ. ಡಿಎಪಿ ಬಂದಿಲ್ಲ ಎಂದು ಮುಂಗಾರಿನ ಹೊತ್ತಿಗೆ ಸೊಸೈಟಿ ಮುಂದೆ ಸಾಲು ನಿಲ್ಲುವವರು ನಾವು. ನಮ್ಮದೇ ಮಣ್ಣಿನಲ್ಲಿ ವರ್ಷಗಳಿಂದ ಬಿದ್ದಿರುವ ರಂಜಕವನ್ನು ಎತ್ತಿ ಕೊಡುವವರಿದ್ದರೆ ಆ ಸಾಲು ಸ್ವಲ್ಪವಾದರೂ ಚಿಕ್ಕದಾಗುತ್ತದೆ.

ಹೊಲವನ್ನು ಬರಿದಾಗಿ ಬಿಡುವುದನ್ನೂ ನಾವು ಕಡಿಮೆ ಮಾಡಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ದೀರ್ಘಕಾಲ ಬೀಳು ಬಿಟ್ಟ ಹೊಲದಲ್ಲಿ ಬಿತ್ತಿದ ಬೆಳೆ ಸೊರಗಿ, ರಂಜಕ, ಸತುವಿನ ಕೊರತೆ ತೋರಿಸುತ್ತಿತ್ತು. ಬೇರಿಲ್ಲದೆ ಶಿಲೀಂಧ್ರ ಕ್ಷೀಣಿಸಿದ್ದೇ ಕಾರಣ ಎಂದು 1980ರ ದಶಕದಲ್ಲಿ ಗೊತ್ತಾಯಿತು. ಎಲೆಕೋಸಿನ ಹಿಂದೆ ಎಲೆಕೋಸು ಹಾಕಿದರೂ ಶಿಲೀಂಧ್ರಕ್ಕೆ ಅದು ಬರಿ ನೆಲವಿದ್ದಂತೆ. ನಡುವೆ ರಾಗಿ, ಜೋಳ, ಅಲಸಂದೆ, ಹುರುಳಿ ಬಂದರೆ ಅದರ ಮನೆ ಮತ್ತೆ ತುಂಬುತ್ತದೆ. ನೀವು ಟ್ರೇಯಲ್ಲಿ ಕೊಟ್ಟದ್ದನ್ನು ಉಳಿಸಿಕೊಳ್ಳುವ ಹೊಣೆ ಹೀಗೆ ನಮ್ಮದು.

ಕೊನೆಯದಾಗಿ, ಈ ಹಂಗಾಮಿನಲ್ಲೇ ನೀವು ಮಾಡಬಹುದಾದ ಕೆಲಸ ಹೇಳುತ್ತೇನೆ. ಎಲ್ಲ ಟ್ರೇಗಳಿಗೂ ಒಮ್ಮೆಲೇ ಹಾಕಬೇಡಿ. ಮೆಣಸಿನಕಾಯಿಯದೋ ಟೊಮೆಟೊದ್ದೋ ಒಂದು ಲಾಟ್ ಆರಿಸಿ, ಅರ್ಧಕ್ಕೆ ವ್ಯಾಮ್ ಹಾಕಿ, ಅರ್ಧವನ್ನು ಹಾಗೆಯೇ ಬಿಡಿ. ಟ್ರೇಗೆ ಗುರುತು ಕಟ್ಟಿ. ಮಾರುವ ಮುನ್ನ ಕೆಲವು ಸಸಿಗಳ ಬೇರನ್ನು ಪರೀಕ್ಷೆ ಮಾಡಿಸಿ. ಹಿಡಿದಿದ್ದರೆ ಹಿಡಿದಿದೆ ಎಂದು, ಇಲ್ಲದಿದ್ದರೆ ಇಲ್ಲ ಎಂದು ಚೀಟಿಯಲ್ಲಿ ಬರೆದು ಕೊಡಿ. ನಿಮ್ಮ ಮೇಲೆ ವಿಶ್ವಾಸವಿರುವ ಕೆಲವು ರೈತರಿಗೆ ಎರಡೂ ಬಗೆಯ ಸಸಿ ಕೊಟ್ಟು ಪಕ್ಕಪಕ್ಕದ ಸಾಲಿನಲ್ಲಿ ನಾಟಿ ಮಾಡಲು ಹೇಳಿ. ವ್ಯಾಮ್ ಸಸಿಯ ಕೆಲವು ಸಾಲಿಗೆ ರಂಜಕದ ಗೊಬ್ಬರ ಕಡಿಮೆ ಮಾಡಲು ತಿಳಿಸಿ. ಕೊಯ್ಲಿನ ಲೆಕ್ಕ ಕೇಳಿ ಬರೆದಿಟ್ಟುಕೊಳ್ಳಿ. ಒಂದೊಂದು ತಾಲ್ಲೂಕಿನಲ್ಲಿ ಒಂದು ನರ್ಸರಿ ಇಷ್ಟು ಮಾಡಿದರೂ ಯಾವ ಮಣ್ಣಿನಲ್ಲಿ ಇದು ಫಲ ಕೊಡುತ್ತದೆ, ಎಲ್ಲಿ ಕೊಡುವುದಿಲ್ಲ ಎಂಬ ನಮ್ಮದೇ ತಿಳಿವಳಿಕೆ ಬೆಳೆಯುತ್ತದೆ.

ಸಸಿಗೆ ಕೆಲವು ಪೈಸೆ ಹೆಚ್ಚು ಕೇಳಿ, ಕೊಡುತ್ತೇವೆ. ಬೇರಿನಲ್ಲಿ ವ್ಯಾಮ್ ಇದೆಯೇ ಎಂದು ಕೇಳುವ ರೂಢಿಯನ್ನು ನಾವು ಬೆಳೆಸಿಕೊಳ್ಳುತ್ತೇವೆ. ಇದೆ ಎಂದು ಧೈರ್ಯವಾಗಿ ಹೇಳುವ ನರ್ಸರಿ ನಿಮ್ಮದಾಗಲಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ತರಕಾರಿ ಬೆಳೆಗಾರ